ಯೀಸ್ಟ್ ಹಾಕಿದರೂ ಕಿತ್ತಳೆಗೆ ಬೂಷ್ಟು ಬರುತ್ತಿದೆಯೇ? ದೋಷ ಹುಡುಕುವ ದಾರಿ

ಬೂಷ್ಟು ಬಾರದಿರಲೆಂದು ಕಿತ್ತಳೆಯನ್ನು ಯೀಸ್ಟ್ (ಕಣ್ಣಿಗೆ ಕಾಣದ ಒಂದು ಬಗೆಯ ಜೀವಿ) ದ್ರಾವಣದಲ್ಲಿ ಅದ್ದಿ, ಆರಿಸಿ, ಕ್ರೇಟಿಗೆ ತುಂಬಿದ್ದೀರಿ. ವಾರ ತುಂಬುವುದರೊಳಗೆ ಕ್ರೇಟ್ ಕದಲಿಸಿದರೆ ಹಸಿರು ಪುಡಿ ಹಾರುತ್ತದೆ. ಆಗ ಬಾಯಿಗೆ ಬರುವ ಮೊದಲ ಮಾತು "ಈ ಯೀಸ್ಟ್ ಎಲ್ಲಾ ಸುಳ್ಳು" ಎಂಬುದು. ಅದು ಅವಸರದ ತೀರ್ಪು. ಹಣ್ಣಿಗೆ ಗಾಯವಾದದ್ದು ಎಷ್ಟು ಹೊತ್ತಿಗೆ, ಆ ಗಾಯಕ್ಕೆ ಯೀಸ್ಟ್ ಮುಟ್ಟಿದ್ದು ಎಷ್ಟು ಹೊತ್ತಿಗೆ, ಮುಟ್ಟಿದಾಗ ಅದಕ್ಕೆ ಜೀವ ಇತ್ತೇ? ಇಷ್ಟಕ್ಕೆ ಉತ್ತರ ಸಿಕ್ಕರೆ ದೋಷ ಬಹುಪಾಲು ಕೈಗೆ ಸಿಕ್ಕಿತು ಎಂದೇ ನಾನು ಹೇಳುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕೊಡಗಿನ ಕಿತ್ತಳೆ. ಸಿಪ್ಪೆ ಸಡಿಲ, ತೊಟ್ಟಿನ ಬಳಿ ಬೇಗ ಹರಿಯುತ್ತದೆ, ಬೂಷ್ಟಿಗೆ ಸುಲಭದ ತುತ್ತು. ಇಂಡಿ ಕಡೆಯ ನಿಂಬೆಗೂ ಮೋಸಂಬಿಗೂ ಇದೇ ಕ್ರಮ ನಡೆಯುತ್ತದೆ. ಮಾವಿನ ಕಥೆ ಬೇರೆ, ಅದನ್ನು ನಡುವೆ ಹೇಳುತ್ತೇನೆ.

ಯೀಸ್ಟ್ ಮಾಡುವ ಕೆಲಸ ಏನು

ದೋಷ ಹುಡುಕುವ ಮುಂಚೆ ಇದು ಸ್ಪಷ್ಟವಾಗಿರಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದ ಕೆರ್ನೀಸ್‌ವಿಲ್‌ನಲ್ಲಿರುವ ಸರ್ಕಾರಿ ಹಣ್ಣು ಸಂಶೋಧನಾ ಕೇಂದ್ರದ ಚಾರ್ಲ್ಸ್ ವಿಲ್ಸನ್ ಮತ್ತು ಇಸ್ರೇಲಿನ ಎಡೊ ಶಾಲುಟ್ಜ್ 1990ರ ಸುಮಾರಿಗೆ ಒಂದು ಸರಳ ಸಂಗತಿ ಗಮನಿಸಿದರು. ಕಿತ್ತಳೆ ಜಾತಿಯ ಹಣ್ಣು ತೊಳೆದ ನೀರನ್ನು ಹಾಗೆಯೇ ಅಗರ್ ತಟ್ಟೆಗೆ (ಸೂಕ್ಷ್ಮಜೀವಿ ಬೆಳೆಸುವ ತಟ್ಟೆ) ಹಚ್ಚಿದರೆ ಬ್ಯಾಕ್ಟೀರಿಯ ಮತ್ತು ಯೀಸ್ಟ್ ಮಾತ್ರ ಬೆಳೆದವು. ಅದೇ ನೀರನ್ನು ತೆಳು ಮಾಡಿ ಹಚ್ಚಿದಾಗ ಕೊಳೆ ತರುವ ಶಿಲೀಂಧ್ರಗಳು ತಲೆ ಎತ್ತಿದವು. ಶಿಲೀಂಧ್ರ ಮೊದಲಿನಿಂದಲೂ ಅಲ್ಲೇ ಇತ್ತು, ಸಿಪ್ಪೆಯ ಮೇಲಿನ ಯೀಸ್ಟ್ ಮತ್ತು ಬ್ಯಾಕ್ಟೀರಿಯ ಅದನ್ನು ಮೇಲೇಳಲು ಬಿಟ್ಟಿರಲಿಲ್ಲ. ತೊಳೆದ ಹಣ್ಣು ತೊಳೆಯದ ಹಣ್ಣಿಗಿಂತ ಬೇಗ ಕೊಳೆಯುವುದಕ್ಕೂ ಇದೇ ಕಾರಣ ಎಂದು ಅವರು ಕಂಡುಕೊಂಡರು. ನಮ್ಮ ಅಜ್ಜಿಯರು ಕಿತ್ತಳೆಯನ್ನು ತೊಳೆಯದೆ ಹಾಗೆಯೇ ಹುಲ್ಲಿನ ಮೇಲೆ ಹರಡಿಡುತ್ತಿದ್ದುದು ನೆನಪಾಗುತ್ತದೆ.

ಹಸಿರು ಬೂಷ್ಟು ತರುವ ಪೆನಿಸಿಲಿಯಂ ಡಿಜಿಟೇಟಮ್ ಗಾಯವಿಲ್ಲದ ಸಿಪ್ಪೆಯನ್ನು ತೂರಿ ಒಳಗೆ ಹೋಗಲಾರದು. ಗೀರೋ ಚುಚ್ಚೋ ಆಗಿ ಸಿಪ್ಪೆಯ ಎಣ್ಣೆ ಚೀಲಗಳು ಒಡೆದು ರಸ ಒಸರಿದಾಗ, ಆ ರಸದ ಸಕ್ಕರೆಯೂ ಎಣ್ಣೆಯ ಆವಿಯೂ ಬೂಷ್ಟಿನ ಬೀಜಕಣಕ್ಕೆ (ಹಸಿರು ಪುಡಿಯ ಒಂದೊಂದು ಕಣ) ಮೊಳೆಯಲು ಕರೆ ಕೊಡುತ್ತವೆ. ಯೀಸ್ಟ್ ಅದಕ್ಕೂ ಮೊದಲೇ ಆ ಗಾಯದಲ್ಲಿ ಕೂತಿರಬೇಕು. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಜಾಗವನ್ನೂ ಸಕ್ಕರೆಯನ್ನೂ ಯೀಸ್ಟ್ ತಾನೇ ಬಳಸಿಕೊಂಡುಬಿಟ್ಟರೆ ಬೀಜಕಣ ಮೊಳೆಯದೆ ಉಳಿಯುತ್ತದೆ. ಜೊತೆಗೆ ಬೇರೆ ಉಪಾಯಗಳೂ ಇವೆ. ಮೆಟ್ಷ್ನಿಕೋವಿಯ ಪಲ್ಚೆರಿಮಾ ಎಂಬ ಯೀಸ್ಟ್ ಸುತ್ತಲಿನ ಕಬ್ಬಿಣದ ಅಂಶವನ್ನು ಕಟ್ಟಿಹಾಕಿ ಕೆಂಪು ಬಣ್ಣದ ವಸ್ತುವಾಗಿ ಮಾಡಿಬಿಡುತ್ತದೆ, ಶಿಲೀಂಧ್ರಕ್ಕೆ ಕಬ್ಬಿಣ ಸಿಗುವುದಿಲ್ಲ. ಕೆಲವು ಯೀಸ್ಟ್‌ಗಳು ಶಿಲೀಂಧ್ರದ ಎಳೆಗೆ ಅಂಟಿಕೊಂಡು ಅದರ ಗೋಡೆಯನ್ನೇ ಕರಗಿಸುವ ಕಿಣ್ವ ಬಿಡುತ್ತವೆ. ಆದರೆ ಮುಖ್ಯ ಕೆಲಸ ಜಾಗ ಹಿಡಿಯುವುದೇ.

ಹಾಗಾಗಿ ಒಳಗೆ ಎಳೆ ಬಿಟ್ಟು ಬೇರೂರಿದ ಬೂಷ್ಟನ್ನು ಯೀಸ್ಟ್ ಕಿತ್ತು ಹಾಕುವುದಿಲ್ಲ. ಔಷಧಿ ಎಂದುಕೊಂಡು ಬಳಸಿದವರಿಗೆ ಅದು ಪ್ರತಿ ಸಲವೂ ನಿರಾಸೆ ಕೊಡುತ್ತದೆ.

ಮೊದಲು: ಇದು ಯಾವ ಕೊಳೆ?

ಕೊಳೆತ ಹಣ್ಣನ್ನು ಎಸೆಯಬೇಡಿ. ಒಂದು ಬುಟ್ಟಿಯಷ್ಟನ್ನು ಪ್ಯಾಕಿಂಗ್ ಶೆಡ್ಡಿನಿಂದ ದೂರ ಒಯ್ದು, ಹಗಲು ಬೆಳಕಿನಲ್ಲಿ ಒಂದೊಂದಾಗಿ ನೋಡಿ, ಗುಂಪು ಮಾಡಿ. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟವರೇ ಆಮೇಲೆ ವಾರಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಹಸಿರು ಬೂಷ್ಟು ಶುರುವಾಗುವುದು ನೀರು ತುಂಬಿಕೊಂಡಂಥ ಮೆತ್ತನೆಯ ಚುಕ್ಕೆಯಿಂದ. ಬಣ್ಣ ಅಷ್ಟಾಗಿ ಬದಲಾಗಿರುವುದಿಲ್ಲ, ಹೆಬ್ಬೆರಳಿಟ್ಟು ಒತ್ತಿದರೆ ಮಾತ್ರ ಸಿಪ್ಪೆ ಒಳಗೆ ಕುಸಿಯುತ್ತದೆ. ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನದಲ್ಲಿ ಚುಕ್ಕೆಯ ನಡುವೆ ಬಿಳಿ ಅರಳೆಯಂಥದ್ದು ಮೂಡಿ, ಮತ್ತೆ ಅದರ ನಡುವೆ ಹಸಿರು ಪುಡಿ ಬರುತ್ತದೆ. ಹಸಿರಿನ ಸುತ್ತ ಅಗಲವಾದ ಬಿಳಿ ಅಂಚು ಉಳಿದಿರುತ್ತದೆ. ನೀಲಿ ಬೂಷ್ಟಿನಲ್ಲಿ (ಪೆನಿಸಿಲಿಯಂ ಇಟಾಲಿಕಮ್) ಪುಡಿ ನೀಲಿ, ಬಿಳಿ ಅಂಚು ಕಿರಿದು. ಅದು ಒಂದು ಹಣ್ಣಿನಿಂದ ಪಕ್ಕದ ಹಣ್ಣಿಗೆ ತಾಗಿ ಗೂಡುಗಟ್ಟಿಕೊಂಡು ಹಬ್ಬುತ್ತದೆ, ತಣ್ಣಗಿನ ಕೋಣೆಯಲ್ಲಿ ಹಸಿರಿಗಿಂತ ಮುಂದೆ ಹೋಗುತ್ತದೆ. ಇವೆರಡೂ ಗಾಯದ ಬೂಷ್ಟುಗಳು, ಯೀಸ್ಟ್ ಕಾಯಬೇಕಾದದ್ದು ಇವನ್ನೇ. ನಿಮ್ಮ ಬುಟ್ಟಿಯಲ್ಲಿ ಇವೇ ಹೆಚ್ಚಿದ್ದರೆ ಮುಂದಿನ ಭಾಗಗಳಿಗೆ ಹೋಗಿ.

ಪುಡಿಯೇ ಇಲ್ಲ, ಹಣ್ಣು ನೀರು ನೀರಾಗಿ ಸೋರುತ್ತಿದೆ, ಹುಳಿ ವಾಸನೆ, ಸುತ್ತ ಸಣ್ಣ ಹಣ್ಣುನೊಣ ಎಂದರೆ ಹುಳಿ ಕೊಳೆ. ಮಳೆಯಲ್ಲಿ ನೆನೆದ, ಚೆನ್ನಾಗಿ ಮಾಗಿದ, ನೆಲಕ್ಕೆ ತಾಗಿದ ಹಣ್ಣಿನಲ್ಲಿ ಇದು ಜಾಸ್ತಿ. ಪ್ಯಾಕ್‌ಹೌಸ್‌ಗಳಲ್ಲಿ ಬಳಸುವ ಶಿಲೀಂಧ್ರನಾಶಕಗಳಾದ ಥಯಾಬೆಂಡಜೋಲ್, ಇಮಜಲಿಲ್ ಕೂಡ ಇದಕ್ಕೆ ಸರಿಯಾಗಿ ನಾಟುವುದಿಲ್ಲ. ಇಂಥ ಹಣ್ಣನ್ನು ತೋಟದಲ್ಲೇ ಬೇರ್ಪಡಿಸುವುದು ನಂಬಬಹುದಾದ ದಾರಿ.

ತೊಟ್ಟಿನಿಂದ ಕಂದು ಬಣ್ಣ ಕೆಳಗಿಳಿದು, ತೊಳೆಗಳ ಗೆರೆ ಹಿಡಿದು ಬೆರಳಿನಂತೆ ಚಾಚಿದ್ದರೆ ಅದು ತೊಟ್ಟು ಕೊಳೆ. ಚರ್ಮದಂತೆ ಗಟ್ಟಿಯಾದ ಕಂದು ಮಚ್ಚೆ, ಘಾಟು ವಾಸನೆ, ಅದೂ ಗಿಡದ ಕೆಳಕೊಂಬೆಯ ಹಣ್ಣುಗಳಲ್ಲೇ ಹೆಚ್ಚಾಗಿ ಕಂಡರೆ ಅದು ಫೈಟೋಫ್ಥೊರಾ ಎಂಬ ರೋಗಾಣುವಿನ ಕೊಳೆ. ಮಳೆ ಹನಿ ಮಣ್ಣಿಗೆ ಬಿದ್ದು ಸಿಡಿದಾಗ ಹತ್ತಿದ್ದು. ಇವೆರಡೂ ತೋಟದಲ್ಲೇ ಒಳಸೇರಿರುತ್ತವೆ. ಕೊಯ್ಲಾದ ಮೇಲೆ ಎಷ್ಟು ಯೀಸ್ಟ್ ಸುರಿದರೂ ಪ್ರಯೋಜನ ಇಲ್ಲ. ಮಾವಿನ ಕಪ್ಪು ಚುಕ್ಕೆ ರೋಗವೂ (ಆಂಥ್ರಾಕ್ನೋಸ್) ಹೀಗೆಯೇ. ಹೂವು ಮತ್ತು ಎಳೆಗಾಯಿಯ ಕಾಲದಲ್ಲೇ ಸಿಪ್ಪೆಯೊಳಗೆ ಸೇರಿ ಮಲಗಿ, ಹಣ್ಣಾಗುವಾಗ ಏಳುತ್ತದೆ. ಅದಕ್ಕೆ 52 ಡಿಗ್ರಿಯ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದುವುದು ಕೆಲಸಕ್ಕೆ ಬರುತ್ತದೆ. ಬರೀ ಯೀಸ್ಟ್ ಹಾಕಿ ಮಾವಿನ ಚುಕ್ಕೆ ತಡೆಯುತ್ತೇನೆಂದು ಹೊರಡಬೇಡಿ.

ಕೊಯ್ದದ್ದು ಯಾವಾಗ, ಅದ್ದಿದ್ದು ಯಾವಾಗ?

ಬುಟ್ಟಿಯ ತುಂಬ ಹಸಿರು ಬೂಷ್ಟೇ ಇದ್ದರೆ ನಾನು ಮೊದಲು ಕೇಳುವುದು ಗಡಿಯಾರದ ಲೆಕ್ಕ. ಹಣ್ಣಿಗೆ ಗಾಯವಾಗುವುದು ಶೆಡ್ಡಿನಲ್ಲಲ್ಲ, ಗಿಡದಲ್ಲೇ. ಕೈಯಿಂದ ಎಳೆದು ಕಿತ್ತರೆ ಕಿತ್ತಳೆಯ ತೊಟ್ಟಿನ ಸುತ್ತ ಸಿಪ್ಪೆ ನಾಣ್ಯದಷ್ಟು ಹರಿದು ಬರುತ್ತದೆ. ಉಗುರು ಗೀರುತ್ತದೆ. ಕತ್ತರಿಸಿದ ತೊಟ್ಟು ಉದ್ದ ಉಳಿದಿದ್ದರೆ ಚೀಲದೊಳಗೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಆ ಕ್ಷಣದಿಂದಲೇ ಬೀಜಕಣದ ಸಮಯ ಶುರು.

ಬೆಚ್ಚಗಿನ ಹವೆಯಲ್ಲಿ, ಅಂದರೆ 20ರಿಂದ 25 ಡಿಗ್ರಿಯಲ್ಲಿ, ಒಂದು ದಿನ ಕಳೆಯುವುದರೊಳಗೆ ಬೀಜಕಣ ಮೊಳೆತು ಸಿಪ್ಪೆಯ ಒಳಪದರಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಕೊಯ್ದು, ಸಂಜೆ ಜೀಪಿಗೆ ಹಾಕಿ, ರಾತ್ರಿ ಶೆಡ್ಡಿನಲ್ಲಿಟ್ಟು, ಮರುದಿನ ಮಧ್ಯಾಹ್ನ ಅದ್ದಿದರೆ ಯೀಸ್ಟ್ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕೊಯ್ದ ದಿನವೇ, ಆದಷ್ಟೂ ಕೆಲವೇ ಗಂಟೆಗಳಲ್ಲಿ ಅದ್ದಿ. ಶೆಡ್ಡು ದೂರವಿದ್ದರೆ ತೋಟದಲ್ಲೇ ಡ್ರಮ್ ಇಟ್ಟು ಅದ್ದುವುದು ಒಳ್ಳೆಯದು. ಕೊಯ್ಲಿಗೆ ಮುಂಚೆ ಗಿಡದ ಮೇಲೆಯೇ ಯೀಸ್ಟ್ ಸಿಂಪಡಿಸುವ ಪದ್ಧತಿಯೂ ಇದೇ ಕಾರಣಕ್ಕೆ ಬಂದದ್ದು. ಹರಿದ ಗಾಯದ ಪಕ್ಕದಲ್ಲೇ ಯೀಸ್ಟ್ ಮೊದಲೇ ಇದ್ದರೆ ಓಟ ಗೆಲ್ಲುವುದು ಸುಲಭ.

ಇದನ್ನು ನಿಖರವಾಗಿ ತಿಳಿಯಲು ಒಂದು ಸಣ್ಣ ಕೆಲಸ ಮಾಡಿ. ಕ್ರೇಟಿನ ಮೇಲೆ ಕೊಯ್ದ ಹೊತ್ತು ಬರೆದ ಚೀಟಿ ಅಂಟಿಸಿ, ಅದ್ದುವಾಗ ಆ ಹೊತ್ತನ್ನೂ ಬರೆಯಿರಿ. ವಾರದ ನಂತರ ಯಾವ ಕ್ರೇಟಿನಲ್ಲಿ ಎಷ್ಟು ಕೊಳೆತಿದೆ ಎಂದು ಎಣಿಸಿದರೆ ಸಾಕು. ತಡವಾದ ಕ್ರೇಟುಗಳೇ ಹಸಿರಾಗಿದ್ದರೆ ಬೇರೆ ಪರೀಕ್ಷೆ ಬೇಡ.

ಇಬ್ಬನಿ ಆರುವ ಮುಂಚೆ, ಇಲ್ಲವೇ ಮಳೆ ನಿಂತ ಕೂಡಲೇ ಕೊಯ್ದರೆ ಸಿಪ್ಪೆಯ ಎಣ್ಣೆ ಚೀಲಗಳು ಉಬ್ಬಿ ನಿಂತಿರುತ್ತವೆ. ಮೆಲ್ಲಗೆ ಒತ್ತಿದರೂ ಒಡೆಯುತ್ತವೆ. ಬಿಸಿಲು ಬಿದ್ದು ಸಿಪ್ಪೆ ಒಣಗಿದ ಮೇಲೆ, ಕತ್ತರಿಯಿಂದ, ತೊಟ್ಟನ್ನು ಹಣ್ಣಿನ ಮಟ್ಟಕ್ಕೆ ಕತ್ತರಿಸಿ ಕೊಯ್ಯಿರಿ. ಕೂಲಿ ಸ್ವಲ್ಪ ಹೆಚ್ಚಾದೀತು. ಕೊಯ್ಯುವವರ ಉಗುರು ಕತ್ತರಿಸಿರಲಿ, ಇಲ್ಲವಾದರೆ ಹತ್ತಿಯ ಕೈಗವಸು ಕೊಡಿ.

ತೊಟ್ಟಿಯಲ್ಲಿರುವ ಯೀಸ್ಟಿಗೆ ಜೀವ ಇದೆಯೇ?

ನೀರು ಹಾಲಿನಂತೆ ಬೆಳ್ಳಗಾಗಿದೆ ಎಂದ ಮಾತ್ರಕ್ಕೆ ಯೀಸ್ಟ್ ಇದೆ ಎಂದಲ್ಲ. ಸತ್ತ ಯೀಸ್ಟ್ ಕೂಡ ನೀರನ್ನು ಅಷ್ಟೇ ಬೆಳ್ಳಗೆ ಮಾಡುತ್ತದೆ. ಬೇಕಾದದ್ದು ಒಂದು ಮಿಲಿಲೀಟರಿಗೆ 1 ಕೋಟಿಯಿಂದ 10 ಕೋಟಿ ಜೀವಂತ ಕೋಶ. ಸಂಶೋಧನೆಗಳಲ್ಲಿ ಫಲ ಕೊಟ್ಟ ಪ್ರಮಾಣ ಈ ವ್ಯಾಪ್ತಿಯದ್ದೇ. ಹತ್ತು ಲಕ್ಷಕ್ಕೆ ಇಳಿದರೆ ಬೀಜಕಣಗಳ ಕೈ ಮೇಲಾಗುತ್ತದೆ.

ಎಣಿಸಲು ಸೂಕ್ಷ್ಮದರ್ಶಕ ಮತ್ತು ರಕ್ತಕಣ ಎಣಿಸುವ ಗಾಜು (ನ್ಯೂಬಾವರ್ ಚೇಂಬರ್) ಸಾಕು. ಪಿಯು ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲೂ, ಊರಿನ ರಕ್ತ ಪರೀಕ್ಷಾ ಕೇಂದ್ರದಲ್ಲೂ ಸಿಗುತ್ತದೆ. ತೊಟ್ಟಿಯ ನೀರನ್ನು 100 ಪಟ್ಟು ತೆಳು ಮಾಡಿ, ಅದಕ್ಕೆ ಮೆಥಿಲೀನ್ ಬ್ಲೂ ತೆಳು ದ್ರಾವಣ ಸಮನಾಗಿ ಬೆರೆಸಿ (ಈಗ ಒಟ್ಟು 200 ಪಟ್ಟು ತೆಳು), ಐದು ನಿಮಿಷದ ನಂತರ ನೋಡಿ. ಜೀವಂತ ಕೋಶ ಬಣ್ಣವನ್ನು ಕಳೆದುಬಿಡುತ್ತದೆ, ಹೊಳೆಯುವ ಬಿಳಿ ಗುಂಡಾಗಿ, ಪಕ್ಕದಲ್ಲಿ ಪುಟ್ಟ ಮೊಗ್ಗು ಇಟ್ಟುಕೊಂಡು ಕಾಣುತ್ತದೆ. ಸತ್ತದ್ದು ಇಡಿಯಾಗಿ ಗಾಢ ನೀಲಿ. ನಡುವಿನ 25 ಚೌಕಗಳಲ್ಲಿ ಬಿಳಿಯವನ್ನು ಮಾತ್ರ ಎಣಿಸಿ. ಎಣಿಕೆಯನ್ನು 10 ಸಾವಿರದಿಂದ, ಮತ್ತೆ 200ರಿಂದ ಗುಣಿಸಿದರೆ ಒಂದು ಮಿಲಿಲೀಟರಿನ ಲೆಕ್ಕ. 25 ಚೌಕಗಳಲ್ಲಿ ಒಟ್ಟು ಬಿಳಿ ಕೋಶ 50 ಇದ್ದರೆ 10 ಕೋಟಿ. 5 ಇದ್ದರೆ 1 ಕೋಟಿ. ನೋಡಿದಲ್ಲೆಲ್ಲ ನೀಲಿಯೇ ಕಂಡರೆ ನಿಮ್ಮ ದೋಷ ಸಿಕ್ಕಿತು.

ಈ ಮಾದರಿಯನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದು ಮುಖ್ಯ. ಬೆಳಿಗ್ಗೆ ಕಲಸಿದ ಕೂಡಲೇ ಬಕೆಟ್ಟಿನಿಂದ ತೆಗೆದ ನೀರು ಎಲ್ಲರದ್ದೂ ಚೆನ್ನಾಗಿರುತ್ತದೆ. ಸಂಜೆ ಕೆಲಸ ನಿಲ್ಲುವ ಹೊತ್ತಿಗೆ, ಹಣ್ಣಿಗೆ ಬೀಳುವ ನಳಿಕೆಯ ಬಾಯಿಂದಲೇ ಹಿಡಿದು ನೋಡಿ. ಯೀಸ್ಟ್ ಭಾರದ ಜೀವಿ, ಕದಡದಿದ್ದರೆ ತಳಕ್ಕೆ ಕೂರುತ್ತದೆ. ತೊಟ್ಟಿಯ ತಳದಲ್ಲಿ ಕೆನೆಬಣ್ಣದ ಕೆಸರು ಕೈಗೆ ಸಿಕ್ಕಿದರೆ ನೀವು ಹಣ್ಣನ್ನು ಮೇಲಿನ ಬರಿ ನೀರಿನಲ್ಲಿ ಅದ್ದುತ್ತಿದ್ದೀರಿ. ಸಣ್ಣ ಪಂಪಿನಿಂದ ನೀರು ತಿರುಗುತ್ತಲೇ ಇರಲಿ. ಹಣ್ಣಿನ ಜೊತೆ ಬರುವ ಮಣ್ಣು, ಎಲೆ, ಕೊಳೆ ಸೇರಿ ಹುಳಿ ವಾಸನೆ ಬಂದ ತೊಟ್ಟಿಯನ್ನು ಮರುದಿನಕ್ಕೆ ಉಳಿಸಬೇಡಿ.

ಒಣ ಪುಡಿಯನ್ನು ನೇರವಾಗಿ ಬಾವಿಯ ತಣ್ಣೀರಿಗೆ ಸುರಿಯುವುದೂ ತಪ್ಪು. ಒಣಗಿದ ಕೋಶದ ಪೊರೆ ತಣ್ಣೀರಿನಲ್ಲಿ ಸರಿಯಾಗಿ ಮುಚ್ಚಿಕೊಳ್ಳದೆ ಒಳಗಿನದ್ದು ಸೋರಿಹೋಗುತ್ತದೆ. ಪೊಟ್ಟಣದ ಮೇಲೆ ಹೇಳಿರುವ ಬಿಸಿಯಲ್ಲಿ, ಹೇಳಿಲ್ಲವಾದರೆ ಕೈಗೆ ಹಿತವೆನಿಸುವ ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ, ಚಿಟಿಕೆ ಸಕ್ಕರೆ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ತೊಟ್ಟಿಗೆ ಬೆರೆಸಿ. ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಿ, ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕಪಾಟಿನಲ್ಲಿ ಇಟ್ಟ ಪುಡಿಯನ್ನು ಎಣಿಸದೆ ಬಳಸಬಾರದು. ಬ್ರೆಡ್ಡಿಗೆ ಹಾಕುವ ಯೀಸ್ಟ್ ತಂದರೆ ಆಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹಿಟ್ಟಿಗೆ ಅದು ಸರಿ. ಒಣ ಸಿಪ್ಪೆಯ ಮೇಲೆ, ಎಣ್ಣೆ ಒಸರಿದ ಗಾಯದಲ್ಲಿ ಬದುಕಿ ಹೆಚ್ಚಲು ಹಣ್ಣಿನ ಮೇಲೇ ಹುಟ್ಟಿದ ಯೀಸ್ಟೇ ಬೇಕು.

ಏನು ಬೆರೆತು ಅದನ್ನು ಕೊಂದಿತು?

ಎಣಿಕೆಯಲ್ಲಿ ನೀಲಿ ಕೋಶ ಜಾಸ್ತಿ ಬಂದರೆ ಕೊಂದವರನ್ನು ಹುಡುಕಬೇಕು. ಮೊದಲ ಸಂಶಯ ಕ್ಲೋರಿನ್ ಮೇಲೆ. ಹಣ್ಣು ತೊಳೆಯುವ ನೀರಿಗೆ 100ರಿಂದ 200 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು) ಕ್ಲೋರಿನ್ ಹಾಕುವುದು ಸರಿಯಾದ ಪದ್ಧತಿಯೇ, ಅದರಿಂದ ಬೀಜಕಣದ ಹೊರೆ ಇಳಿಯುತ್ತದೆ. ಆದರೆ ಅದೇ ಒದ್ದೆ ಹಣ್ಣು ನೇರವಾಗಿ ಯೀಸ್ಟ್ ತೊಟ್ಟಿಗೆ ಇಳಿದರೆ ಪ್ರತಿ ಹಣ್ಣೂ ಒಂದಿಷ್ಟು ಕ್ಲೋರಿನ್ ಹೊತ್ತು ತರುತ್ತದೆ. ನಡುವೆ ಶುದ್ಧ ನೀರಿನ ತೊಳೆತ ಇರಲಿ, ನೀರು ಸೋರಿಹೋಗಲು ಜಾಗ ಇರಲಿ. ಈಜುಕೊಳದವರು ಬಳಸುವ ಕ್ಲೋರಿನ್ ಪಟ್ಟಿಯನ್ನು ಯೀಸ್ಟ್ ತೊಟ್ಟಿಗೆ ಅದ್ದಿ ನೋಡಿ, ಬಣ್ಣ ಬರಲೇಬಾರದು. ನಲ್ಲಿ ನೀರು ಬಳಸುವವರು ಒಂದು ರಾತ್ರಿ ತೆರೆದಿಟ್ಟ ನೀರಿನಲ್ಲಿ ಕಲಸಲಿ.

ಎರಡನೆಯದು ಶಿಲೀಂಧ್ರನಾಶಕ. ಯೀಸ್ಟ್ ಕೂಡ ಒಂದು ಶಿಲೀಂಧ್ರವೇ ಎಂಬುದನ್ನು ಮರೆಯುತ್ತೇವೆ. ಇಮಜಲಿಲ್, ಪ್ರೊಪಿಕೊನಜೋಲ್, ಹೆಕ್ಸಕೊನಜೋಲ್ ಮುಂತಾದವು ಎರ್ಗೊಸ್ಟೆರಾಲ್ ಎಂಬ ಪೊರೆಯ ಅಂಶ ತಯಾರಾಗದಂತೆ ತಡೆಯುತ್ತವೆ, ಯೀಸ್ಟಿನ ಪೊರೆಗೂ ಅದೇ ಬೇಕು. ಥಯಾಬೆಂಡಜೋಲ್ ಹಾಗಲ್ಲ. 1995ರಲ್ಲಿ ಅಮೆರಿಕದಲ್ಲಿ ನೋಂದಣಿಯಾದ ಕ್ಯಾಂಡಿಡಾ ಒಲಿಯೋಫಿಲಾ ಯೀಸ್ಟಿನ ಉತ್ಪನ್ನ 'ಆಸ್ಪೈರ್' ಜೊತೆಗೆ ಬರೀ 200 ಪಿಪಿಎಂ ಥಯಾಬೆಂಡಜೋಲ್ ಸೇರಿಸಿದಾಗ ಒಳ್ಳೆಯ ಫಲ ಬಂದದ್ದು ಅದಕ್ಕೇ. ನಿಮ್ಮ ಲೈನಿನ ಬ್ರಷ್ಷುಗಳಲ್ಲಿ ಹಳೆಯ ಶಿಲೀಂಧ್ರನಾಶಕ ಹೀರಿಕೊಂಡು ಕೂತಿರಬಹುದು, ಅದನ್ನೂ ನೋಡಿ.

ಕೊಡಗಿನಲ್ಲಿ ಇನ್ನೊಂದು ವಿಚಾರ ಇದೆ. ಇಲ್ಲಿ ಕಿತ್ತಳೆ ಕಾಫಿ ತೋಟದೊಳಗಿನ ಬೆಳೆ. ಕಾಫಿಗೆ ಎಲೆ ತುಕ್ಕು ರೋಗಕ್ಕೆಂದು ಹೊಡೆದ ಬೋರ್ಡೋ ದ್ರಾವಣವೋ ಬೇರೆ ಔಷಧಿಯೋ ಕಿತ್ತಳೆಯ ಮೇಲೂ ಬಿದ್ದಿರುತ್ತದೆ. ಬೋರ್ಡೋದಲ್ಲಿರುವ ತಾಮ್ರದ ಅಂಶ ಯೀಸ್ಟಿಗೆ ವಿಷ. ಹಣ್ಣಿನ ತೊಟ್ಟಿನ ಗುಳಿಯಲ್ಲಿ ನೀಲಿ ಛಾಯೆಯ ಬಿಳಿ ಕಲೆ ಕಂಡರೆ ಚೆನ್ನಾಗಿ ತೊಳೆಯದೆ ಅದ್ದಬೇಡಿ. ತೋಟದವರನ್ನು ಕೇಳುವಾಗ "ಕಿತ್ತಳೆಗೆ ಏನು ಹೊಡೆದಿರಿ" ಎಂದರೆ "ಏನೂ ಇಲ್ಲ" ಎಂದೇ ಉತ್ತರ ಬರುತ್ತದೆ. "ಕಾಫಿಗೆ ಏನು ಹೊಡೆದಿರಿ, ಯಾವಾಗ" ಎಂದು ಕೇಳಿ.

ಅಡುಗೆ ಸೋಡಾ ಯೀಸ್ಟಿಗೆ ಒಳ್ಳೆಯ ಜೊತೆ. ಶೇ. 2ರ ಸೋಡಾ ನೀರು ಬೂಷ್ಟಿನ ಬೀಜಕಣವನ್ನು ಹಿಡಿದು ನಿಲ್ಲಿಸುತ್ತದೆ, ಇದಕ್ಕೆಂದು ಆರಿಸಿದ ಯೀಸ್ಟ್‌ಗಳು ಅದನ್ನು ತಡೆದುಕೊಳ್ಳುತ್ತವೆ. ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಹಲವು ಯೀಸ್ಟ್‌ಗಳ ಬಲ ಹೆಚ್ಚಿಸುತ್ತದೆ. ಎರಡೂ ಒಳ್ಳೆಯದು ಎಂದು ಒಂದೇ ತೊಟ್ಟಿಗೆ ಹಾಕಿದರೆ ಮಾತ್ರ ಕೆಟ್ಟಿತು. ಗುಳ್ಳೆ ಎದ್ದು, ಸುಣ್ಣದಂಥ ಬಿಳಿ ಪುಡಿ ತಳಕ್ಕೆ ಬೀಳುತ್ತದೆ. ಸೋಡಾವೂ ಹೋಯಿತು, ಕ್ಯಾಲ್ಸಿಯಂ ಕೂಡ ಹೋಯಿತು, ನಳಿಕೆಯೂ ಕಟ್ಟಿತು. ಒಂದನ್ನು ಆರಿಸಿಕೊಳ್ಳಿ.

ಮೇಣ ಹಚ್ಚುವವರು ಕ್ರಮ ನೋಡಿಕೊಳ್ಳಿ. ಮದ್ಯಸಾರ ಅಥವಾ ಅಮೋನಿಯ ಇರುವ ಮೇಣ ಯೀಸ್ಟನ್ನು ಸಾಯಿಸುತ್ತದೆ, ಬಿಸಿಗಾಳಿ ಒಣಗಿಸುವಿಕೆ ಉಳಿದದ್ದನ್ನು ಮುಗಿಸುತ್ತದೆ. ಮೇಣ ಹಚ್ಚಿ ಹೊರಬಂದ ಹಣ್ಣನ್ನು ತೊಳೆದ ನೀರನ್ನು ಅಗರ್ ತಟ್ಟೆಗೆ ಹಚ್ಚಿ ಯೀಸ್ಟ್ ಬೆಳೆಯುತ್ತದೆಯೇ ನೋಡುವುದೇ ಇದಕ್ಕೆ ಪರೀಕ್ಷೆ.

ಸಂಶಯ ತೀರಿಸುವ ಐದು ಗುಂಪಿನ ಪರೀಕ್ಷೆ

ಇಷ್ಟೆಲ್ಲ ನೋಡಿಯೂ ದೋಷ ಸಿಗದಿದ್ದರೆ, ಇಲ್ಲವೇ ಎರಡು ಮೂರು ಕಾರಣಗಳು ಒಟ್ಟಿಗೆ ಕಂಡು ಯಾವುದು ದೊಡ್ಡದೆಂದು ತಿಳಿಯದಿದ್ದರೆ, ಈ ಪರೀಕ್ಷೆ ಮಾಡಿ. ಒಂದು ವಾರ ಹಿಡಿಯುತ್ತದೆ, ಖರ್ಚು ಹಣ್ಣಿನದ್ದು ಮಾತ್ರ. ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಎಲ್ಲಕ್ಕಿಂತ ಉಪಯೋಗದ ಭಾಗ ಇದೇ.

ಒಂದೇ ತೋಟದ, ಅಂದೇ ಕೊಯ್ದ, ಗಾಯವಿಲ್ಲದ ಹಣ್ಣು 100 ಆರಿಸಿ. ಬ್ಲೀಚಿಂಗ್ ನೀರಿನಲ್ಲಿ ಎರಡು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಆರಿಸಿ, 20ರಂತೆ ಐದು ಗುಂಪು ಮಾಡಿ, 'ಅ', 'ಆ', 'ಇ', 'ಈ', 'ಉ' ಎಂದು ಹೆಸರಿಡಿ. ಒಂದು ಮೊಳೆಯನ್ನು ಬೆಂಡಿನ ತುಂಡಿಗೆ ತೂರಿಸಿ, ತುದಿ 3 ಮಿಲಿಮೀಟರ್ ಮಾತ್ರ ಆಚೆ ಬರುವಂತೆ ಮಾಡಿಕೊಳ್ಳಿ. ಎಲ್ಲ ಗಾಯಗಳೂ ಒಂದೇ ಆಳದಲ್ಲಿರುತ್ತವೆ. ಮೊಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನಾಲ್ಕು ಗುಂಪಿನ ಹಣ್ಣುಗಳ ಸೊಂಟದ ಭಾಗದಲ್ಲಿ ಒಂದೊಂದು ಚುಚ್ಚು ಹಾಕಿ.

ಬೀಜಕಣವನ್ನು ನಿಮ್ಮದೇ ಶೆಡ್ಡಿನ ಹಸಿರು ಹಣ್ಣಿನಿಂದ ತೆಗೆಯಿರಿ, ಪುಸ್ತಕದ ಬೂಷ್ಟಿಗಿಂತ ನಿಮ್ಮ ಬೂಷ್ಟು ಮುಖ್ಯ. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿದ ನೀರಿಗೆ ಸ್ವಲ್ಪ ಪುಡಿ ಉದುರಿಸಿ ಕುಲುಕಿ, ಅದೇ ಎಣಿಸುವ ಗಾಜಿನಲ್ಲಿ ಎಣಿಸಿ ಮಿಲಿಲೀಟರಿಗೆ 10 ಲಕ್ಷಕ್ಕೆ ತನ್ನಿ, ಆಮೇಲೆ 100 ಪಟ್ಟು ತೆಳು ಮಾಡಿ. ಒಂದು ಮಿಲಿಲೀಟರಿಗೆ 10 ಸಾವಿರ ಸಾಕು. ಅತಿಯಾಗಿ ಹಾಕಿದರೆ ಎಂಥ ಯೀಸ್ಟೂ ಸೋಲುತ್ತದೆ, ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

'ಅ' ಗುಂಪಿಗೆ ಗಾಯದಲ್ಲಿ ಒಂದು ಹನಿ ನೀರು, ಎರಡು ಗಂಟೆ ಬಿಟ್ಟು ಒಂದು ಹನಿ ಬೀಜಕಣ. 'ಆ' ಗುಂಪಿಗೆ ಆಗಷ್ಟೇ ಕಲಸಿ, ಎಣಿಸಿ, 10 ಕೋಟಿಗೆ ತಂದ ಯೀಸ್ಟ್. ಎರಡು ಗಂಟೆ ಬಿಟ್ಟು ಬೀಜಕಣ. 'ಇ' ಗುಂಪಿಗೆ ಸಂಜೆ ನಳಿಕೆಯಿಂದ ಹಿಡಿದ ತೊಟ್ಟಿಯ ದ್ರಾವಣ, ಆಮೇಲೆ ಬೀಜಕಣ. 'ಈ' ಗುಂಪಿಗೆ ಮೊದಲು ಬೀಜಕಣ ಹಾಕಿ, 24 ಗಂಟೆ ಬಿಟ್ಟು ಹೊಸ ಯೀಸ್ಟ್. 'ಉ' ಗುಂಪಿಗೆ ಗಾಯವೂ ಇಲ್ಲ, ಏನೂ ಇಲ್ಲ. ಎಲ್ಲವನ್ನೂ ಒದ್ದೆ ಬಟ್ಟೆ ಇಟ್ಟ ಮುಚ್ಚಳದ ಡಬ್ಬಿಗಳಲ್ಲಿ, ಬೇರೆ ಬೇರೆಯಾಗಿ, 20ರಿಂದ 25 ಡಿಗ್ರಿಯಲ್ಲಿಡಿ. ಐದಾರು ದಿನಕ್ಕೆ ನೋಡಿ.

'ಅ' ಗುಂಪು ಬಹುಪಾಲು ಕೊಳೆತಿರಬೇಕು. ಕೊಳೆಯದಿದ್ದರೆ ಬೀಜಕಣ ಸತ್ತಿತ್ತು, ಪರೀಕ್ಷೆ ಮತ್ತೆ ಮಾಡಿ. 'ಆ' ಚೆನ್ನಾಗಿದ್ದು 'ಇ' ಕೊಳೆತಿದ್ದರೆ ಯೀಸ್ಟ್ ಒಳ್ಳೆಯದೇ, ಅದನ್ನು ತೊಟ್ಟಿಯಲ್ಲಿ ಕೊಂದಿದ್ದೀರಿ ಅಥವಾ ತಳಕ್ಕೆ ಕೂರಲು ಬಿಟ್ಟಿದ್ದೀರಿ. 'ಆ', 'ಇ' ಎರಡೂ ಕೊಳೆತಿದ್ದರೆ ಆ ಯೀಸ್ಟ್ ನಿಮ್ಮ ಹಣ್ಣಿಗೆ, ನಿಮ್ಮ ಬೂಷ್ಟಿಗೆ ಆಗಿಬರುವುದಿಲ್ಲ; ಬೇರೆ ತಳಿ ನೋಡಬೇಕು ಅಥವಾ ಸೋಡಾ ಜೊತೆ ಸೇರಿಸಿ ಪರೀಕ್ಷೆ ಮರುಮಾಡಬೇಕು. 'ಆ', 'ಇ' ಎರಡೂ ಚೆನ್ನಾಗಿದ್ದು 'ಈ' ಮಾತ್ರ ಕೊಳೆತಿದೆ, ಶೆಡ್ಡಿನ ಹಣ್ಣೂ ಕೊಳೆಯುತ್ತಿದೆ ಎಂದರೆ ನಿಮ್ಮ ತಡವೇ ಕಾರಣ; ಯೀಸ್ಟ್ ಬದಲಿಸಬೇಡಿ, ಕೊಯ್ಲಿನಿಂದ ತೊಟ್ಟಿಗೆ ಬರುವ ಹೊತ್ತನ್ನು ಕಡಿಮೆ ಮಾಡಿ. 'ಉ' ಗುಂಪಿನಲ್ಲಿ ಕೊಳೆ ಬಂದರೆ ಅದು ತೋಟದಿಂದಲೇ ಒಳಗೆ ಬಂದದ್ದು.

ಈ ಪರೀಕ್ಷೆಯನ್ನು ಪ್ಯಾಕಿಂಗ್ ಶೆಡ್ಡಿನೊಳಗೆ ಯಾವ ಕಾರಣಕ್ಕೂ ಮಾಡಬೇಡಿ. ಒಂದು ಕೊಳೆತ ಹಣ್ಣಿನಿಂದ ಹೊರಡುವ ಬೀಜಕಣ ನೂರು ಕೋಟಿಗೂ ಮೀರಬಹುದು. ಮುಗಿದ ಮೇಲೆ ಡಬ್ಬಿಯ ಮುಚ್ಚಳ ತೆಗೆಯದೆ ಹೊಂಡದಲ್ಲಿ ಹೂಳಿ.

ಎಲ್ಲವೂ ಸರಿ, ಆದರೂ ಮಾರುಕಟ್ಟೆಯಲ್ಲಿ ಕೊಳೆಯುತ್ತಿದೆ

ಶೆಡ್ಡಿನಲ್ಲಿ ಉಳಿಸಿಕೊಂಡ ಮಾದರಿ ಹಣ್ಣು ಚೆನ್ನಾಗಿದೆ, ಬೆಂಗಳೂರಿಗೆ ಹೋದದ್ದು ಮಾತ್ರ ಕೊಳೆತಿದೆ ಎಂಬ ದೂರು ಸಾಮಾನ್ಯ. ಗಾಯದಲ್ಲಿ ಕೂತ ಯೀಸ್ಟ್ ಒಂದೆರಡು ದಿನದಲ್ಲಿ ಹತ್ತಾರು ಪಟ್ಟು ಹೆಚ್ಚುತ್ತದೆ. ಗಾಯವಿಲ್ಲದ ಸಿಪ್ಪೆಯ ಮೇಲೆ ಅದಕ್ಕೆ ಊಟವಿಲ್ಲ, ದಿನ ಕಳೆದಂತೆ ಕ್ಷೀಣಿಸುತ್ತದೆ. ಹಾಗಾಗಿ ಅದ್ದಿದ ನಂತರ ಆಗುವ ಹೊಸ ಗಾಯಕ್ಕೆ ಕಾವಲು ತೀರಾ ಕಡಿಮೆ. ಲಾರಿಯಲ್ಲಿ ಮೇಲಿಂದ ತುಳಿದು ತುಂಬಿದ್ದು, ಮರದ ಪೆಟ್ಟಿಗೆಯ ಮೊಳೆ, ಮಂಡಿಯಲ್ಲಿ ಮತ್ತೊಮ್ಮೆ ಸುರಿದು ಆರಿಸಿದ್ದು ಎಲ್ಲವೂ ಹೊಸ ಗಾಯ. ಆರಿಸುವುದು, ದರ್ಜೆ ಮಾಡುವುದು ಎಲ್ಲ ಅದ್ದುವ ಮುಂಚೆಯೇ ಮುಗಿಯಲಿ. ಆಮೇಲೆ ಹಣ್ಣಿಗೆ ಕೈ ಹಾಕುವುದು ಕಡಿಮೆಯಾದಷ್ಟೂ ಒಳ್ಳೆಯದು.

ಅತಿ ತಣ್ಣಗೆ ಮಾಡಿದರೂ ಕೆಡುತ್ತದೆ. ನಿಂಬೆಯನ್ನು 8 ಡಿಗ್ರಿಗಿಂತ ಕೆಳಗೆ ಬಹುದಿನ ಇಟ್ಟರೆ ಸಿಪ್ಪೆಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಪ್ರತಿ ಕುಳಿಯೂ ಗಾಯವೇ, ಹೊರಗೆ ತಂದ ಕೂಡಲೇ ಬೂಷ್ಟು ಹತ್ತುತ್ತದೆ.

ಶೆಡ್ಡಿನ ಗಾಳಿಯಲ್ಲೇ ಬೀಜಕಣ ತುಂಬಿದ್ದರೂ ಯೀಸ್ಟ್ ಮೇಲೆ ಹೊರೆ ಜಾಸ್ತಿ. ಕೊಳೆತ ಹಣ್ಣಿನ ರಾಶಿ ಶೆಡ್ಡಿನ ಪಕ್ಕದಲ್ಲೇ ಇದೆಯೇ, ವಾಪಸ್ ಬಂದ ಕ್ರೇಟುಗಳನ್ನು ತೊಳೆಯದೆ ತುಂಬುತ್ತಿದ್ದೀರಾ ಎಂದು ನೋಡಿ. ಕ್ರೇಟಿಗೆ ಕ್ಲೋರಿನ್, ಹಣ್ಣಿಗೆ ಯೀಸ್ಟ್.

ಸ್ವಂತ ಯೀಸ್ಟ್ ಬಳಸುವವರಿಗೆ

ತಮ್ಮದೇ ತೋಟದ ಹಣ್ಣಿನಿಂದ ಯೀಸ್ಟ್ ತೆಗೆದು ಬೆಳೆಸುವ ಉತ್ಸಾಹಿಗಳಿದ್ದಾರೆ, ನನಗೆ ಆ ಕೆಲಸ ಬಹಳ ಇಷ್ಟ. ಹಣ್ಣು ತೊಳೆದ ನೀರನ್ನು ಬೇರೆ ಹಣ್ಣುಗಳ ಗಾಯಗಳಿಗೆ ಹಾಕಿ, ಬೀಜಕಣ ಹಾಕಿ, ಕೊಳೆಯದೆ ಉಳಿದ ಗಾಯದಿಂದಲೇ ಯೀಸ್ಟನ್ನು ಬೇರ್ಪಡಿಸಿ ಎಂದು ತೋರಿಸಿಕೊಟ್ಟವರೂ ವಿಲ್ಸನ್ ಮತ್ತವರ ಸಂಗಡಿಗರೇ. ಅಗರ್ ತಟ್ಟೆಯಲ್ಲಿ ಗೆದ್ದ ಯೀಸ್ಟಿಗಿಂತ ಗಾಯದಲ್ಲಿ ಗೆದ್ದದ್ದು ನಂಬಿಕಸ್ಥ.

ಕೆಲಕಾಲ ಚೆನ್ನಾಗಿ ನಡೆದು ಆಮೇಲೆ ಫಲ ಇಳಿದರೆ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಹೆಪ್ಪು ಹಾಕುತ್ತಾ ಬಂದ ದ್ರಾವಣದಲ್ಲಿ ಬೇರೆ ಯೀಸ್ಟೋ ಬ್ಯಾಕ್ಟೀರಿಯವೋ ಮೇಲುಗೈ ಪಡೆದಿದೆ ಎಂದು ತಿಳಿಯಿರಿ. ತಟ್ಟೆಗೆ ಗೀಟಿ ನೋಡಿದರೆ ಒಂದಕ್ಕಿಂತ ಹೆಚ್ಚು ಬಗೆಯ ಬೊಟ್ಟುಗಳು ಕಾಣುತ್ತವೆ. ಫ್ರಿಜ್ಜಿನಲ್ಲಿಟ್ಟ ಮೂಲ ತಟ್ಟೆಯಿಂದ ಹೊಸದಾಗಿ ಶುರುಮಾಡಿ.

ಇನ್ನೊಂದು ಪರೀಕ್ಷೆ ಯಾರೂ ಬಿಡಬಾರದು. ಯೀಸ್ಟ್ ಗೀಟಿದ ತಟ್ಟೆಯನ್ನು 37 ಡಿಗ್ರಿಯಲ್ಲಿ ಮೂರು ದಿನ ಇಡಿ. ಮನುಷ್ಯನ ಮೈ ಬಿಸಿಯಲ್ಲಿ ಚೆನ್ನಾಗಿ ಬೆಳೆದರೆ ಆ ಯೀಸ್ಟನ್ನು ಕೈಬಿಡಿ, ಹಣ್ಣನ್ನು ಎಷ್ಟು ಚೆನ್ನಾಗಿ ಕಾಯುತ್ತಿದ್ದರೂ ಸರಿ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೋಂಕು ತರುವ ಯೀಸ್ಟ್‌ಗಳು ಇದೇ ಬಂಧುಬಳಗದಲ್ಲಿವೆ. 37 ಡಿಗ್ರಿಯಲ್ಲಿ ಬೆಳೆಯದಿದ್ದರೂ, ಅದು ಯಾವ ಜಾತಿ ಎಂದು ಒಂದು ಪ್ರಯೋಗಾಲಯ ಗುರುತಿಸಿ ಹೇಳುವ ತನಕ ಆ ಯೀಸ್ಟ್ ಮುಟ್ಟಿದ ಹಣ್ಣನ್ನು ಮಾರಬೇಡಿ, ಮನೆಯವರಿಗೂ ತಿನ್ನಲು ಕೊಡಬೇಡಿ.